ಮೂರನೇ ಲೈನು ಖಾಲಿ ಇದೆ

ಮಾರ್ಚ್ 3

ಏನೆಂದು ಸಂಬೋಧಿಸಲಿ ಎಂದು ಯೋಚಿಸುತ್ತಾ ಕೂತರೆ ಹಾಳೆ ಖಾಲಿಯೇ ಉಳಿಯುತ್ತದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ವಿಚ್ಛೇದನವಾದ ಈ ಎರಡು ವರ್ಷದಲ್ಲಿ ಫೋನ್ ಎತ್ತಿದಾಗಲೆಲ್ಲ ಮೂರನೇ ಮಾತಿಗೆ ಜಗಳಕ್ಕೆ ಬಿದ್ದಿದ್ದೇವೆ. ಕಾಗದದಲ್ಲಾದರೆ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

ಅಪ್ಪನಿಗೆ ಕಿವಿ ಹೋಗುತ್ತಿದೆ. ಜೀವಮಾನವಿಡೀ ಪ್ರೆಸ್ಸಿನ ಯಂತ್ರಗಳ ಪಕ್ಕದಲ್ಲಿ ನಿಂತದ್ದಕ್ಕೆ ಈಗ ಬಡ್ಡಿ ಕಟ್ಟುತ್ತಿದ್ದಾರೆ. ಕಿವಿಗೆ ಹಾಕುವ ಯಂತ್ರದಲ್ಲಿ ಮಾತು ಹೇಗೋ ತಿಳಿಯುತ್ತದಂತೆ, ವಾದ್ಯ ಮಾತ್ರ ತಗಡಿನ ಡಬ್ಬಿ ಬಡಿದ ಹಾಗೆ ಕೇಳಿಸುತ್ತದಂತೆ. ಮ್ಯಾಂಡೊಲಿನ್ ಗೋಡೆಗೆ ನೇತುಹಾಕಿ ಸುಮ್ಮನೆ ಕೂತುಬಿಟ್ಟಿದ್ದರು. ಹೆಡ್‌ಫೋನಿನಲ್ಲಾದರೆ ಕೇಳಬಹುದು ಎಂದು ಯಾರೋ ಹೇಳಿದರು. ಹಾಗಾಗಿ ನಾನು ಒಂದು ಚಿಕ್ಕ ಲೈನ್ ಮಿಕ್ಸರ್ ತಂದೆ. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಸಾಬೂನಿನ ಡಬ್ಬಿಯಷ್ಟಿದೆ. ವಾದ್ಯದ ವೈರು ಚುಚ್ಚಲು ನಾಲ್ಕು ತೂತು, ಮೇಲೆ ನಾಲ್ಕು ತಿರುಗಣೆ, ಎಲ್ಲ ಸೇರಿ ಹೊರಗೆ ಬರಲು ಒಂದು ತೂತು. ಮಿಕ್ಸರ್ ಎಂದದ್ದೇ ಅಪ್ಪ, “ಮನೇಲಿ ಮಿಕ್ಸಿ ಇದ್ಯಲ್ಲೇ, ಇನ್ನೊಂದ್ಯಾಕೆ?” ಎಂದರು.

ಮೊದಲನೇ ಲೈನಿಗೆ ನನ್ನ ಕೀಬೋರ್ಡು, ಎರಡನೆಯದಕ್ಕೆ ಅವರ ಮ್ಯಾಂಡೊಲಿನ್. ಹೊರಗೆ ಬಂದ ವೈರನ್ನು ನೀವು ಬಿಟ್ಟುಹೋದ ಪುಟ್ಟ ಆಂಪ್ಲಿಫೈಯರಿಗೆ ಹಾಕಿ, ಅದರಿಂದ ಹೆಡ್‌ಫೋನಿಗೆ ಕೊಟ್ಟೆ. ಜೇನುಗೂಡಿಗೆ ಕೈ ಹಾಕಿದ ಹಾಗೆ ಗುಂಯ್ ಎನ್ನುತ್ತದೆ. ಕೀಬೋರ್ಡಿನ ಮುಂದೆ ಮ್ಯಾಂಡೊಲಿನ್ ಕೇಳಿಸುವುದೇ ಇಲ್ಲ. ಡ್ಯಾನ್ಸ್ ಕ್ಲಾಸಿನಲ್ಲಿ ಮಕ್ಕಳಿಗೆ ನುಡಿಸುವ ನನಗೆ ಈ ವೈರುಗಳ ವ್ಯವಹಾರ ತಿಳಿಯುವುದಿಲ್ಲ, ಅದು ಯಾವತ್ತೂ ನಿಮ್ಮ ಇಲಾಖೆ. ಏನು ಮಾಡಬೇಕು ಎಂದು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಟೀಚರ್

ಮಾರ್ಚ್ 11

ಟೀಚರಮ್ಮನಿಗೆ,

ನಿನ್ನ ಅಕ್ಷರ ಕಂಡು ಲಕೋಟೆ ಒಡೆಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಒಳಗೆ ವಕೀಲರ ಕಾಗದವೇನೋ ಅಂದುಕೊಂಡೆ.

ಗುಂಯ್ ಸದ್ದು ಮಿಕ್ಸರಿನ ತಪ್ಪಲ್ಲ. ಅದರ ಅಡಾಪ್ಟರನ್ನು ಒಂದು ಗೋಡೆಗೆ, ಆಂಪ್ಲಿಫೈಯರನ್ನು ಇನ್ನೊಂದು ಗೋಡೆಗೆ ಚುಚ್ಚಿರುತ್ತೀಯ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಹಾಕು. ಕೀಬೋರ್ಡಿನ ವೈರು ಮ್ಯಾಂಡೊಲಿನ್ ವೈರಿನ ಮೇಲೆ ಹಾದುಹೋಗದಿರಲಿ.

ಇನ್ನು ಮ್ಯಾಂಡೊಲಿನ್. ತಂತಿಯ ಸದ್ದು ಹಿಡಿಯಲು ಅದಕ್ಕೆ ಅಂಟಿಸಿದ ಪಿಕಪ್ ಬಡಪಾಯಿ, ಅದರ ದನಿ ಸಣ್ಣದು. ಕೀಬೋರ್ಡು ದೊಡ್ಡ ಗಂಟಲಿನ ಪ್ರಾಣಿ. ನೀನು ಇಬ್ಬರ ತಿರುಗಣೆಯನ್ನೂ ಅರ್ಧಕ್ಕೆ ಇಟ್ಟಿರುತ್ತೀಯ, ನ್ಯಾಯ ಅಂದುಕೊಂಡು. ಇಲ್ಲಿ ಆ ನ್ಯಾಯ ನಡೆಯುವುದಿಲ್ಲ. ಮೊದಲು ಕೀಬೋರ್ಡನ್ನು ಸೊನ್ನೆಗೆ ತಾ. ಮ್ಯಾಂಡೊಲಿನನ್ನು ಪೂರ್ತಿ ಏರಿಸು. ಮಾವ ಒಬ್ಬರೇ ನುಡಿಸಲಿ, ಅವರಿಗೆ ತೃಪ್ತಿಯಾದ ಮೇಲೆ ಕೀಬೋರ್ಡನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆ ತಾ. ಆದರೂ ಸಾಲದಿದ್ದರೆ ಎಂದು ದನಿ ಏರಿಸಿಕೊಡುವ ಒಂದು ಪುಟ್ಟ ಪೆಟ್ಟಿಗೆಯನ್ನು ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ, ಮ್ಯಾಂಡೊಲಿನ್ ಮತ್ತು ಮಿಕ್ಸರಿನ ನಡುವೆ ಹಾಕು. ಎರಡು ಕವಲಿನ ಪಿನ್ನೂ ಇದೆ. ಒಂದೇ ತೂತಿನಿಂದ ಇಬ್ಬರೂ ಕೇಳಬಹುದು.

ಮುಖ್ಯವಾದ ಮಾತು: ವೈರು ಚುಚ್ಚುವಾಗ, ಕೀಳುವಾಗ ಮಾವನ ಕಿವಿಯ ಮೇಲೆ ಹೆಡ್‌ಫೋನ್ ಇರಬಾರದು. ಟಪ್ ಎಂದು ಹೊಡೆಯುತ್ತದೆ. ಇರುವ ಕಿವಿಯನ್ನು ಜೋಪಾನ ಮಾಡಬೇಕು.

ಅವರನ್ನು ಇನ್ನೂ ಮಾವ ಎನ್ನಬಹುದಲ್ಲವೇ? ಬೇರೆ ಯಾವ ಪದವೂ ಬಾಯಿಗೆ ಬರುತ್ತಿಲ್ಲ.

ಇಂತಿ,
ದಪ್ಪತಂತಿ

ಮಾರ್ಚ್ 24

ನೀವು ಹೇಳಿದ ಹಾಗೇ ಮಾಡಿದೆ. ಒಂದೇ ಬೋರ್ಡಿಗೆ ಹಾಕಿದ್ದೇ ತಡ, ಜೇನುಹುಳುಗಳೆಲ್ಲ ಹಾರಿಹೋದವು.

ಅಪ್ಪನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ನಾನು ಕೀಬೋರ್ಡನ್ನು ಸೊನ್ನೆಗೆ ತಂದೆ. ಅವರು ಒಂದು ತಂತಿ ಮೀಟಿದರು. ಮೀಟಿ ನನ್ನ ಮುಖ ನೋಡಿದರು. ಇನ್ನೊಮ್ಮೆ ಮೀಟಿದರು. “ಇದು ನಂದೇನೇ?” ಎಂದರು. ಹೌದು ಎಂದು ತಲೆಯಾಡಿಸಿದೆ. “ಕೆಳಗಿನ ತಂತಿ ಶ್ರುತಿ ಬಿಟ್ಟಿದೆ. ಇಷ್ಟು ದಿನ ಯಾರೂ ಹೇಳಲೇ ಇಲ್ವಲ್ಲ!” ಎಂದು ನನಗೇ ಬೈದರು. ಅವರು ಬೈದದ್ದಕ್ಕೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಈಗ ಸಂಜೆಯಾದರೆ ಇಬ್ಬರೂ ನುಡಿಸುತ್ತೇವೆ. ಕೆಳಗಿನ ಮನೆಯ ನರ್ಸ್ ಒಮ್ಮೆ ಬಂದು ಬಾಗಿಲಲ್ಲೇ ನಿಂತು ನಕ್ಕಳು. ಆಕೆಗೆ ಕಂಡದ್ದು ಹೆಡ್‌ಫೋನ್ ಹಾಕಿಕೊಂಡು ತಲೆದೂಗುತ್ತಾ ಕೂತ ಇಬ್ಬರು, ಕೇಳಿಸಿದ್ದು ಮ್ಯಾಂಡೊಲಿನಿನ ಸಣ್ಣ ಕಿಣಿಕಿಣಿ, ಕೀಲಿಮಣೆಯ ಟಕಟಕ.

ನಿನ್ನೆ ಅಪ್ಪ ಮಿಕ್ಸರನ್ನು ತಿರುಗಿಸಿ ನೋಡಿ, “ಮೂರನೇ ಲೈನು ಖಾಲಿ ಇದ್ಯಲ್ಲ” ಎಂದರು.

“ಇರಲಿ ಬಿಡಿ ಅಪ್ಪ.”

“ದಪ್ಪತಂತಿಗೆ ಕಾಗದ ಬರೀತಿದ್ದೀಯಲ್ಲ. ಗಿಟಾರ್ ತಂದು ಒಂದು ಭಾನುವಾರ ಮೊದಲಿನ ಹಾಗೆ ನುಡಿಸಿ ಹೋಗ್ಲಿ. ನಾನೇನು ಅವನನ್ನ ಬಿಟ್ಟಿಲ್ವಲ್ಲ, ಬಿಟ್ಟಿದ್ದು ನೀನು.”

ಬಿಟ್ಟದ್ದು ಯಾರು ಎಂಬ ವಾದವನ್ನು ನಾನು ಎತ್ತಲಿಲ್ಲ. ಕಿವಿ ಡಾಕ್ಟರು ಹೇಳಿದ್ದನ್ನು ಮಾತ್ರ ನಿಮಗೆ ತಿಳಿಸುತ್ತೇನೆ. “ಎಡಗಿವಿ ಮುಗೀತು ಅಂತ್ಲೇ ಇಟ್ಕೊಳ್ಳಿ. ಬಲಗಿವಿ ಎಷ್ಟು ದಿನ ಅಂತ ನಾನು ಮಾತು ಕೊಡೋಕಾಗಲ್ಲ.” ಬರುವುದಿದ್ದರೆ ತಡ ಮಾಡಬೇಡಿ. ಅಪ್ಪನಿಗಾಗಿ ಹೇಳುತ್ತಿದ್ದೇನೆ.

ಇಂತಿ,
ಟೀಚರ್

ಏಪ್ರಿಲ್ 20

ಟೀಚರಮ್ಮನಿಗೆ,

ಉತ್ತರ ತಡವಾಯಿತು. ಇಲ್ಲಿ ರಂಗಮಂದಿರದಲ್ಲಿ ಹೊಸ ನಾಟಕದ ತಾಲೀಮು. ಧ್ವನಿಯ ಕೋಣೆಯಲ್ಲಿ ನಾನೊಬ್ಬನೇ. ಗುಡುಗು, ಬಾಗಿಲ ಸದ್ದು, ಕುದುರೆ ಖುರಪುಟ, ಎಲ್ಲಕ್ಕೂ ನಾನೇ. ರಜೆಯ ಮಾತೆತ್ತುವ ಹಾಗಿಲ್ಲ. ನಮ್ಮ ಮ್ಯಾನೇಜರ್ ಎಂಥವರೆಂದರೆ, ಕೆಮ್ಮು ಬಂದರೂ ಮಧ್ಯಂತರದಲ್ಲಿ ಕೆಮ್ಮಬೇಕು.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ನಾವು ಮೂವರೂ ಭಾನುವಾರ ನುಡಿಸುತ್ತಿದ್ದ ಮೂರು ಹಾಡುಗಳಿಗೆ ನನ್ನ ದಪ್ಪ ತಂತಿಯ ಬೇಸ್ ಗಿಟಾರಿನ ಭಾಗವನ್ನಷ್ಟೇ ರೆಕಾರ್ಡ್ ಮಾಡಿ, ಅಂಗೈಯಗಲದ ಒಂದು ಪ್ಲೇಯರಿನಲ್ಲಿ ತುಂಬಿ ಕಳಿಸಿದ್ದೇನೆ. ಅದರ ವೈರನ್ನು ಮೂರನೇ ಲೈನಿಗೆ ಚುಚ್ಚು. ಪ್ಲೇಯರಿನ ದನಿ ಮುಕ್ಕಾಲಿಗಿರಲಿ, ಉಳಿದದ್ದನ್ನು ಮಿಕ್ಸರಿನಲ್ಲಿ ಸರಿಮಾಡಿಕೋ. ತಗ್ಗಿನ ಸ್ವರ ಜಾಸ್ತಿಯಾದರೆ ಮ್ಯಾಂಡೊಲಿನನ್ನು ನುಂಗಿಬಿಡುತ್ತದೆ. ಇದೆ ಎಂದು ಗೊತ್ತಾದರೆ ಸಾಕು, ಕೇಳಿಸಲೇಬೇಕೆಂದಿಲ್ಲ.

ನಾನು ಬಂದು ಕೂತಷ್ಟೇ ಆಯಿತು, ಅಲ್ಲವೇ?

ಇಂತಿ,
ದಪ್ಪತಂತಿ

ಮೇ 5

ಚಿರಂಜೀವಿ ದಪ್ಪತಂತಿಗೆ ಮಾವನ ಆಶೀರ್ವಾದಗಳು.

ಇಷ್ಟು ವರ್ಷ ಅಳಿಯ ಎಂದು ಬಹುವಚನ ಹಚ್ಚುತ್ತಿದ್ದೆ. ಕೋರ್ಟು ಆ ಸಂಬಂಧವನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು, ಇನ್ನು ಏಕವಚನದಲ್ಲೇ ಬೈಯಬಹುದು.

ನೀನು ಕಳಿಸಿದ ಡಬ್ಬಿ ತಲುಪಿತು. ಮಗಳು ಮೂರನೇ ಲೈನಿಗೆ ಚುಚ್ಚಿದಳು. ನಿನ್ನ ಕೈಯೇ, ಸಂಶಯವಿಲ್ಲ. ಆದರೆ ನಿನಗೆ ಇಷ್ಟು ಅವಸರ ಯಾವಾಗಿನಿಂದ? ಎರಡನೇ ಸಾಲು ಮುಗಿದ ಮೇಲೆ ನಾನು ಒಂದು ಉಸಿರು ತೆಗೆದುಕೊಳ್ಳುತ್ತೇನೆ. ಬೆರಳು ಮೊದಲಿನ ಹಾಗಿಲ್ಲ, ಮೇಲಿನ ಸ್ವರಕ್ಕೆ ಹತ್ತುವ ಮುಂಚೆ ದಾರಿ ಹುಡುಕಬೇಕು. ಎದುರಿಗಿದ್ದಾಗ ನೀನು ಕಾಯುತ್ತಿದ್ದೆ. ನನ್ನ ಕೈ ನೋಡಿಕೊಂಡು, ಏನೂ ಆಗದವನ ಹಾಗೆ ಅದೇ ಸ್ವರದ ಮೇಲೆ ತಿರುಗಾಡುತ್ತಿದ್ದೆ. ಈ ಡಬ್ಬಿ ನನ್ನನ್ನು ಬಿಟ್ಟು ಮುಂದೆ ಹೋಗುತ್ತದೆ. “ಏ ನಿಲ್ಲಪ್ಪ!” ಎಂದು ನಾನು ಕೂಗಿದೆ. ಮಗಳು ನಕ್ಕಳು. ಆಮೇಲೆ ಯಾಕೋ ಎದ್ದುಹೋದಳು.

ಡಬ್ಬಿ ಸಾಲದು. ನೀನೇ ಬಾ. ಅವಳ ಮುಖ ನೋಡಬೇಕಾಗುತ್ತದಲ್ಲ ಎಂದು ಹೆದರಬೇಡ, ನಾನು ನಡುವೆ ಕೂತಿರುತ್ತೇನೆ.

ಇಂತಿ ನಿನ್ನ,
ಮಾವ

ಮೇ 19

ಮಾವನಿಗೆ ನಮಸ್ಕಾರಗಳು.

ನೀವು ಬೈದಿದ್ದನ್ನು ನಾಲ್ಕು ಸಲ ಓದಿದೆ. ಇಲ್ಲಿ ನನ್ನನ್ನು ಹೀಗೆ ಬೈಯುವವರು ಯಾರೂ ಇಲ್ಲ.

ಮತ್ತೊಮ್ಮೆ ರೆಕಾರ್ಡ್ ಮಾಡಿ ಕಳಿಸಿದ್ದೇನೆ. ಎರಡನೇ ಸಾಲು ಮುಗಿದ ಮೇಲೆ ಕಣ್ಣು ಮುಚ್ಚಿ ನಿಮ್ಮ ಕೈಯನ್ನು ನೆನಪು ಮಾಡಿಕೊಂಡು ಕಾದಿದ್ದೇನೆ. ಅಂದಾಜು ತಪ್ಪಿರಬಹುದು, ತಪ್ಪಿಯೇ ಇರುತ್ತದೆ.

ನಾಟಕ ಜೂನ್ ಮಧ್ಯಕ್ಕೆ ಮುಗಿಯುತ್ತದೆ. ಜೂನ್ ಕೊನೆಯ ಭಾನುವಾರ ಬೆಳಗ್ಗೆ ಗಿಟಾರ್ ಸಮೇತ ನಿಮ್ಮೆದುರು ಇರುತ್ತೇನೆ. ಇದು ಮಾತು.

ನಿಮ್ಮ,
ದಪ್ಪತಂತಿ

ಜುಲೈ 2

ಅಪ್ಪ ಭಾನುವಾರ ಬೆಳಗ್ಗೆಯೇ ಎದ್ದು ಗಡ್ಡ ತೆಗೆದುಕೊಂಡು, ಮಡಿಸಿಟ್ಟ ಅಂಗಿ ಹಾಕಿಕೊಂಡು ಕೂತಿದ್ದರು. ಶ್ರುತಿ ಈಗ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಶ್ರುತಿ ನೋಡುವ ಯಂತ್ರದ ಹಸಿರು ದೀಪ ನೋಡಿಕೊಂಡು ಎಂಟೂ ತಂತಿ ಬಿಗಿದಿದ್ದರು. ಮೂರನೇ ಲೈನಿನಿಂದ ಪ್ಲೇಯರಿನ ವೈರನ್ನು ತಾವೇ ಕಿತ್ತಿಟ್ಟಿದ್ದರು, ನೀನು ಬಂದ ಕೂಡಲೇ ಚುಚ್ಚಿಕೊಳ್ಳಲಿ ಎಂದು.

ಮಧ್ಯಾಹ್ನ ನಿನ್ನ ಸಂದೇಶ ಬಂತು. ನಾಟಕ ಮುಂದುವರಿದಿದೆ, ಬರಲಾಗುವುದಿಲ್ಲ. ಒಂದು ಸಾಲು. ಅದನ್ನು ನಾನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಅವರಿಗೆ ತೋರಿಸಬೇಕಾಯಿತು. ಕೂಗಿ ಹೇಳಿದರೂ ತಿಳಿಯುತ್ತಿರಲಿಲ್ಲ. ಅಪ್ಪ ಓದಿಕೊಂಡು, “ಪಾಪ, ಕೆಲಸ ಇರುತ್ತಲ್ಲ” ಎಂದರು. ನಿನ್ನ ಪರವಾಗಿ ಮಾತಾಡಿದರು, ಗೊತ್ತಾಯಿತಾ?

ಬರುವ ಮನಸ್ಸಿಲ್ಲದಿದ್ದರೆ ಮಾತು ಕೊಡಬೇಡ. ನನಗೆ ಕೊಟ್ಟ ಮಾತು ಬೇರೆ. ಅವರಿಗೆ ಕೊಟ್ಟದ್ದು ಬೇರೆ.

ಟೀಚರ್

ಜುಲೈ 15

ಟೀಚರಮ್ಮನಿಗೆ,

ನೀನು ನನ್ನನ್ನು ‘ನೀನು’ ಎಂದು ಬರೆದಿದ್ದೀಯ. ಜಗಳದಲ್ಲಿ ಮಾತ್ರ ಹಾಗನ್ನುತ್ತಿದ್ದೆ. ಕೇಳಿ ಬಹಳ ಕಾಲವಾಗಿತ್ತು.

ನಾಟಕ ಮುಂದುವರಿದದ್ದು ನಿಜ. ಮುಂದುವರಿಯಿತು ಎಂದಾಗ ನನಗೆ ಸ್ವಲ್ಪ ಹಾಯೆನಿಸಿತು ಎಂಬುದೂ ನಿಜ. ಆ ಬಾಗಿಲ ಹೊರಗೆ ನಿಂತು ಕರೆಗಂಟೆ ಒತ್ತುವುದು ಹೇಗೆ ಎಂದು ಯೋಚಿಸಿದರೆ ಬಸ್ಸಿನ ಟಿಕೆಟ್ಟಿಗೆ ಕೈ ಮುಂದೆ ಹೋಗುವುದಿಲ್ಲ. ಆ ಮನೆಯ ಗಂಟೆಯನ್ನು ನಾನು ಒತ್ತಿದವನೇ ಅಲ್ಲ. ಅದನ್ನು ಗೋಡೆಗೆ ಹಾಕಿದವನು ನಾನು, ಅದರ ಸದ್ದು ಹೊರಗಿನಿಂದ ಹೇಗೆ ಕೇಳುತ್ತದೆ ಎಂಬುದೇ ನನಗೆ ತಿಳಿಯದು.

ನೀನು ಮಾರ್ಚಿನಲ್ಲಿ ಗುಂಯ್ ಸದ್ದಿನ ಬಗ್ಗೆ ಕೇಳಿದೆ. ನಾನು ಅದಕ್ಕಷ್ಟೇ ಉತ್ತರ ಬರೆದೆ. ಜಾಣತನ ಎಂದುಕೊಂಡಿದ್ದೆ.

ಆಗಸ್ಟಿನ ಕೊನೆಗೆ ರಂಗದ ನೆಲಹಲಗೆ ಬದಲಿಸಲು ಇಲ್ಲಿ ಬಾಗಿಲು ಹಾಕುತ್ತಾರೆ. ಆಗ ಬರುತ್ತೇನೆ. ಮಾವನಿಗೆ ಈಗಲೇ ಹೇಳಬೇಡ. ಬಂದ ಮೇಲೆ ಗೊತ್ತಾಗಲಿ.

ಇಂತಿ,
ದಪ್ಪತಂತಿ

ಆಗಸ್ಟ್ 30

ಚಿರಂಜೀವಿ ದಪ್ಪತಂತಿಗೆ,

ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ. ಸುಖವಾಗಿ ತಲುಪಿದ್ದೀಯ ಎಂದು ನಂಬಿದ್ದೇನೆ. ನೀನು ತೆಳ್ಳಗಾಗಿದ್ದೀಯ. ಅದನ್ನು ಎದುರಿಗೆ ಹೇಳಲಿಲ್ಲ, ನಿನ್ನ ಉತ್ತರ ನನಗೆ ಕೇಳಿಸುತ್ತಿರಲಿಲ್ಲವಲ್ಲ.

ಒಂದು ವಿಷಯ ಬರೆಯಬೇಕು. ಓದಿ ನಿನ್ನಲ್ಲೇ ಇಟ್ಟುಕೋ. ಅವತ್ತು ಮೂವರೂ ಕೂತು ನುಡಿಸಿದಾಗ ನನಗೆ ಏನೂ ಕೇಳಿಸಲಿಲ್ಲ. ನಿನ್ನ ಗಿಟಾರೂ ಇಲ್ಲ, ಅವಳ ಕೀಬೋರ್ಡೂ ಇಲ್ಲ, ನನ್ನದೂ ಇಲ್ಲ. ಜುಲೈ ತಿಂಗಳಲ್ಲೇ ದೂರದ ಲಾರಿಯ ಹಾಗೆ ಏನೋ ಒಂದು ಗೊರಗೊರ ಮಾತ್ರ ಉಳಿದಿತ್ತು, ಈಗ ಅದೂ ಇಲ್ಲ. ನಿನ್ನ ಬೆರಳು ನೋಡಿಕೊಂಡು ನುಡಿಸಿದೆ. ನಾನು ಉಸಿರು ತೆಗೆದುಕೊಂಡಾಗ ನಿನ್ನ ಬೆರಳು ಒಂದೇ ಕಡೆ ನಿಂತು ತಿರುಗುತ್ತಿದ್ದುದನ್ನು ನೋಡಿದೆ. ಕಾದೆಯಲ್ಲ, ಅಷ್ಟು ಸಾಕು. ನಾನು ನುಡಿಸಿದ್ದು ಎಷ್ಟು ಕೆಟ್ಟದಾಗಿತ್ತೋ ದೇವರಿಗೇ ಗೊತ್ತು. ನೀನು ಮುಖದಲ್ಲಿ ತೋರಿಸಲಿಲ್ಲ.

ಅವಳು “ಚೆನ್ನಾಗಿ ಕೇಳಿಸ್ತಾ ಅಪ್ಪ?” ಎಂದು ಬರೆದು ತೋರಿಸಿದಳು. “ಒಂದೊಂದು ಸ್ವರಾನೂ ಕೇಳಿಸ್ತು” ಎಂದೆ. ಅವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಸಂತೋಷಕ್ಕೆ ಇರಬೇಕು. ಅವಳಿಗೆ ಹೇಳಬೇಡ.

ಮೇ ತಿಂಗಳಲ್ಲಿ ಬಂದಿದ್ದರೆ ಕೇಳಿಸುತ್ತಿತ್ತು. ಇದು ಆಕ್ಷೇಪಣೆಯಲ್ಲ. ಸ್ವಲ್ಪ ಆಕ್ಷೇಪಣೆ ಅಂತಲೇ ಇಟ್ಟುಕೋ.

ಮುಂದಿನ ಸಲ ಗಿಟಾರ್ ತರಬೇಡ, ಹೊತ್ತು ತರುವುದಕ್ಕೆ ಭಾರ. ಸುಮ್ಮನೆ ಬಾ.

ಇಂತಿ ನಿನ್ನ,
ಮಾವ

ಸೆಪ್ಟೆಂಬರ್ 4

ನೀವು ಬಂದು ಹೋದದ್ದಕ್ಕೆ ಥ್ಯಾಂಕ್ಸ್ ಎಂದು ಬರೆದೆ, ಹೊಡೆದುಹಾಕಿದೆ. ಬೇರೆ ಹಾಳೆ ತೆಗೆದುಕೊಂಡಿದ್ದೇನೆ.

ಅಪ್ಪನಿಗೆ ಅವತ್ತು ಏನೂ ಕೇಳಿಸಲಿಲ್ಲ. ಮೊದಲ ಹಾಡು ಅರ್ಧಕ್ಕೆ ಬಂದಾಗ ನಾನು ನೋಡಿದೆ, ಅವರ ಹೆಡ್‌ಫೋನಿನ ಪಿನ್ನು ನೀವು ತಂದ ಮೂರು ಕವಲಿನಿಂದ ಕಳಚಿ ಕುರ್ಚಿಯ ಕಾಲಿನ ಹತ್ತಿರ ಬಿದ್ದಿತ್ತು. ನಿಮಗೆ ಆ ಕಡೆ ಕಾಣುತ್ತಿರಲಿಲ್ಲ. ಅಪ್ಪ ತಲೆದೂಗುತ್ತಲೇ ಇದ್ದರು. ನಿಮ್ಮ ಕೈ ನೋಡುತ್ತಾ ನಗುತ್ತಿದ್ದರು. ಎತ್ತಿ ಚುಚ್ಚಬಹುದಿತ್ತು. ಚುಚ್ಚಿದರೂ ವ್ಯತ್ಯಾಸ ಆಗುವುದಿಲ್ಲ ಎಂದು ನನಗೆ ಆ ಕ್ಷಣ ಖಚಿತವಾಗಿಬಿಟ್ಟಿತು. ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಬರಲಿಲ್ಲ. ನುಡಿಸುತ್ತಾ ಹೋದೆ. ಆಮೇಲೆ ಕೇಳಿದರೆ ಒಂದೊಂದು ಸ್ವರವೂ ಕೇಳಿಸಿತು ಎಂದರು. ನಮ್ಮಿಬ್ಬರ ಮನಸ್ಸು ನೋಯಬಾರದು ಎಂದು.

ನನಗೆ ಗೊತ್ತಾಗಿದೆ ಎಂದು ನೀವು ಅವರಿಗೆ ಬರೆಯಬೇಡಿ. ಮಗಳನ್ನು ನಂಬಿಸಿದೆ ಎಂದು ಸಮಾಧಾನವಾಗಿದ್ದಾರೆ.

ನಿಮಗೆ ಇನ್ನೊಂದು ಮಾತು. ಅವತ್ತು ನೀವು ಬರುವ ಹೊತ್ತಿಗೆ ನಾನು ಬಾಗಿಲು ತೆಗೆದೇ ಇಟ್ಟಿದ್ದೆ. ನೀವು ಗಂಟೆ ಒತ್ತುವುದು ಬೇಡ ಎಂದು. ನೀವು ತೆರೆದ ಬಾಗಿಲ ಮುಂದೆ ನಿಂತು ಗಂಟೆ ಒತ್ತಿದಿರಿ. ನಾನು ಒಳಗಿನಿಂದ “ಬಂದೆ” ಎಂದೆ, ಯಾರೋ ಹೊರಗಿನವರಿಗೆ ಹೇಳುವ ಹಾಗೆ. “ಬಾ” ಎನ್ನಬಹುದಿತ್ತು.

ಮ್ಯಾಂಡೊಲಿನ್ ಮತ್ತೆ ಗೋಡೆಗೆ ಹೋಗಿದೆ. ಇನ್ನು ನೀವು ಬರಲೇಬೇಕಾದ ಕಾರಣವೇನೂ ಉಳಿದಿಲ್ಲ. ಕಾರಣವಿಲ್ಲದೆ ಬರುವ ಪೈಕಿ ನೀವಲ್ಲ, ಅದು ನನಗೆ ಗೊತ್ತು.

ಇಂತಿ,
ಟೀಚರ್

ಸೆಪ್ಟೆಂಬರ್ 16

ಟೀಚರಮ್ಮನಿಗೆ,

ನೀನು ಹೇಳಬೇಡ ಎಂದದ್ದನ್ನು ಮಾವನಿಗೆ ಹೇಳುವುದಿಲ್ಲ. ನಿಮ್ಮ ಮನೆಯ ಗುಟ್ಟುಗಳು ನನ್ನಲ್ಲಿ ಭದ್ರವಾಗಿವೆ, ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ.

ಅವತ್ತು ಮೂರನೇ ಹಾಡಿನಲ್ಲಿ ಮಾವ ಒಂದು ಸ್ವರ ಮೇಲೆ ಹೋಗಿಬಿಟ್ಟಿದ್ದರು, ಅಲ್ಲೇ ಉಳಿದರು. ನೀನು ಯಾವಾಗ ಕೀಬೋರ್ಡಿನಲ್ಲಿ ಸ್ವರದ ಮನೆ ಬದಲಿಸಿ ಅವರ ಜೊತೆ ಸೇರಿಕೊಂಡೆಯೋ, ನಾನು ಯಾವಾಗ ಸೇರಿಕೊಂಡೆನೋ. ನಾವಿಬ್ಬರೂ ಮುಖ ಕೂಡ ನೋಡಿಕೊಳ್ಳಲಿಲ್ಲ. ಸಂಸಾರದಲ್ಲಿ ಒಂದು ದಿನವಾದರೂ ಹಾಗೆ ನಡೆದಿದ್ದರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ನಿನ್ನೆ ಮ್ಯಾನೇಜರ್ ಹತ್ತಿರ ಹೋದೆ. ಇಲ್ಲಿ ಸೇರಿದ ಮೇಲೆ ಅವರ ಕೋಣೆಗೆ ನಾನಾಗಿಯೇ ಹೋದದ್ದು ಇದೇ ಮೊದಲು. ತಿಂಗಳಿಗೆ ಒಂದು ಭಾನುವಾರ ರಜೆ ಬೇಕು ಎಂದೆ.

“ಯಾಕೆ?”

“ಮಾವನನ್ನ ನೋಡ್ಬೇಕು ಸರ್. ವಯಸ್ಸಾಗಿದೆ.”

“ನಿಮಗೆ ಮದುವೆ ಆಗಿದ್ಯಾ? ಹೆಂಡತಿ ಇದ್ದಾರಾ?”

“ಮಾವ ಇದ್ದಾರೆ ಸರ್” ಎಂದೆ.

ಅವರು ನಗಲಿಲ್ಲ. “ಹೋಗಿ ಬನ್ನಿ. ಆ ದಿನ ಗುಡುಗು ಬೇಕಾದ್ರೆ ನಾನೇ ಒಂದು ಗುಂಡಿ ಒತ್ತುತೀನಿ. ಇದನ್ನ ಕೇಳೋಕೆ ಇಷ್ಟು ಹೆದರ್ಕೊಂಡು ಬಾಗಿಲಲ್ಲಿ ನಿಂತಿದ್ರಾ?” ಎಂದರು.

ಅಷ್ಟೇ ಆದದ್ದು. ನಾನು ಎಳೆದುಕೊಂಡ ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಪ್ರಿಲ್‌ನಲ್ಲಿ ಕೇಳಿದ್ದರೂ ಕೊಡುತ್ತಿದ್ದರು.

ಇಂತಿ,
ದಪ್ಪತಂತಿ